ಅಳಿವೆಯ ಹೊರಗೆ

ಕಾರವಾರದ ಕಾಳಿ ಹೊಳೆಯ ದಂಡೆಯ ಹುಡುಗರು ನಡೆಸುವ ಗಾಳದ ಸ್ಪರ್ಧೆಗೆ ಬ್ಯಾನರಿಲ್ಲ, ಭಾಷಣವಿಲ್ಲ. ಒಂದು ವಾಟ್ಸ್‌ಆ್ಯಪ್ ಗುಂಪು, ಒಂದು ತೂಕದ ಯಂತ್ರ, ಗೆದ್ದವರಿಗೆ ಹೊಸ ರಾಡು ಮತ್ತು ರೀಲು. ದೋಣಿಗೆ ಇಬ್ಬರು. ಬಲೆ ಮುಟ್ಟುವ ಹಾಗಿಲ್ಲ. ಬೆಳಿಗ್ಗೆ 6ಕ್ಕೆ ಹೊರಟು ಮಧ್ಯಾಹ್ನ 2ರೊಳಗೆ ಮೀನನ್ನು ಕೋಡಿಬಾಗದ ಜೆಟ್ಟಿಯ ಮೇಲೆ ತಂದು ಮಲಗಿಸಬೇಕು. ಮೀನು ಇಡಿಯಾಗಿರಬೇಕು, ಹೊಟ್ಟೆ ಸೀಳಿರಬಾರದು. ಚೋಣಕ್ ತಂದರೂ ತೂಗುತ್ತಾರೆ, ತಾಂಬುಸ ತಂದರೂ ತೂಗುತ್ತಾರೆ. ಆದರೆ ಮೊದಲ ಬಹುಮಾನ ರಾವಸ್‌ಗೇ ಮೀಸಲು.

ರಾವಸ್ ಅಂಥ ಮರ್ಯಾದೆಗೆ ತಕ್ಕ ಮೀನೇ. ಬೆಳ್ಳಿ ಮೈ, ಕವಲೊಡೆದ ಬಾಲ, ಕೆನ್ನೆಯ ಕೆಳಗೆ ನಾಲ್ಕು ನಾಲ್ಕು ಎಳೆ. ಕದಡಿದ ನೀರಿನಲ್ಲಿ ಕಣ್ಣು ಕೆಲಸಕ್ಕೆ ಬಾರದಾಗ ಆ ಎಳೆಗಳಿಂದಲೇ ತಡವಿ ಶೆಟ್ಲಿಯನ್ನು, ಅಂದರೆ ಸಿಗಡಿಯನ್ನು, ಹುಡುಕುತ್ತದೆ. ಮಳೆ ಹಿಂದಾಗಿ ನದಿ ಇನ್ನೂ ಕೆಂಪಗಿರುವಾಗ ಅಳಿವೆಯ ಆಸುಪಾಸಿನಲ್ಲಿ ಸುಳಿದಾಡುವುದು ಅದಕ್ಕೇ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ರಾವಸ್ ಗಂಡಾಗಿ ಬೆಳೆಯಲು ತೊಡಗಿ, ದೊಡ್ಡದಾದ ಮೇಲೆ ಹೆಣ್ಣಾಗುತ್ತದೆ. ಅಂದರೆ ಅತಿ ಭಾರದ ಮೀನಿಗೆ ಬಹುಮಾನ ಇಟ್ಟಾಗಲೆಲ್ಲ ನಾವು ಹುಡುಕಿ ಹಿಡಿಯುವುದು ಮೊಟ್ಟೆಯಿಡುವ ತಾಯಿಯನ್ನು. ಇದನ್ನು ನಾನು ಗುಂಪಿನಲ್ಲಿ ಬರೆದಿದ್ದೆ. ನಗುವ ಮುಖಗಳು ನಾಲ್ಕೈದು ಬಂದವು, ನಿಯಮ ಬದಲಾಗಲಿಲ್ಲ. ನಾನೂ ಹೆಸರು ಕೊಟ್ಟೆ.

ನಾನು ಅಂಕೋಲೆಯವನು, ಬೇಸಾಯದ ಮನೆಯವನು. ಕೇಣಿಯ ಹಳ್ಳದಲ್ಲಿ, ಬೇಲೇಕೇರಿಯ ಕಲ್ಲುಗಳ ಮೇಲೆ ನಿಂತು ಗಾಳ ಹಾಕುತ್ತ ಬೆಳೆದವನು. ಗಾಳ ಗೊತ್ತು, ಕಡಲು ಗೊತ್ತಿಲ್ಲ. ಕಡಲು ಗೊತ್ತಿದ್ದದ್ದು ಭಾವನಿಗೆ. ಭಾವ ಎಂದರೆ ನೆಂಟನಲ್ಲ. ಕಾಲೇಜಿನ ದಿನಗಳಿಂದ ನಾವು ಪರಸ್ಪರ ಹಾಗೆ ಕರೆದುಕೊಳ್ಳುತ್ತೇವೆ, ನಮ್ಮ ಕಡೆ ಗೆಳೆಯರಲ್ಲಿ ಇದು ರೂಢಿ. ಅವನು ಕೋಡಿಬಾಗದವನು. ಅಜ್ಜ, ಅಪ್ಪ ಏಂಡಿ ಬಲೆ ಎಳೆದವರು. ಇವನು ದ್ವಿಚಕ್ರದ ಬಿಡಿಭಾಗಗಳ ಅಂಗಡಿ ಇಟ್ಟುಕೊಂಡಿದ್ದಾನೆ. ಆದರೂ ಮನೆಯ ಹಿಂದೆ ಸಣ್ಣದೊಂದು ಫೈಬರ್ ದೋಣಿ, ಅದಕ್ಕೊಂದು ಹಳೆಯ ಔಟ್‌ಬೋರ್ಡ್ ಎಂಜಿನ್ ಇದೆ.

2024ರ ಅಕ್ಟೋಬರ್. ಆ ವರ್ಷ ನಮ್ಮ ಎರಡೂ ತಾಲೂಕಿನವರಿಗೆ ನೀರಿನ ಮೇಲೆ ನಂಬಿಕೆ ಉಳಿದಿರಲಿಲ್ಲ. ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದು ಗಂಗಾವಳಿಗೆ ಬಿತ್ತು. ಬಿದ್ದ ಮಣ್ಣಿಗೆ ಎದ್ದ ನೀರು ಆಚೆ ದಂಡೆಯ ಉಳುವರೆಯ ಮನೆಗಳನ್ನೂ ಕೆಡವಿತು. ಅಂಕೋಲೆಯಲ್ಲಿ ಆ ತಿಂಗಳೆಲ್ಲ ಬೇರೆ ಮಾತೇ ಇರಲಿಲ್ಲ. ಆ ಕುಸಿತದಲ್ಲಿ ಕಾಣೆಯಾಗಿ ಎಲ್ಲರೂ ಹುಡುಕುತ್ತಿದ್ದ ಲಾರಿ ಹೊಳೆಯಿಂದ ಮೇಲೆ ಬಂದದ್ದು ಸೆಪ್ಟೆಂಬರ್ 25ಕ್ಕೆ. ನಡುವೆ ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿಯ ಹಳೆಯ ಸೇತುವೆ ಮುರಿದು ಬಿತ್ತು. ಜೊತೆಗೊಂದು ಲಾರಿಯೂ ಬಿತ್ತು. ಅದರ ಚಾಲಕನನ್ನು ಸ್ಥಳೀಯ ಮೀನುಗಾರರು ಪೊಲೀಸರ ಜೊತೆ ಸೇರಿ ಕತ್ತಲಲ್ಲೇ ಎತ್ತಿ ತಂದರು. ಅಕ್ಟೋಬರಿನಲ್ಲೂ ಸೇತುವೆಯ ತುಂಡುಗಳು ಹೊಳೆಯಲ್ಲೇ ಇದ್ದವು, ಅರ್ಧ ಮೇಲೆ, ಅರ್ಧ ಒಳಗೆ. ಸ್ಪರ್ಧೆಯ ಹುಡುಗರು ಹಾಕಿದ್ದ ಒಂದೇ ಒಂದು ಎಚ್ಚರಿಕೆ ಅದರ ಬಗ್ಗೆ: ಮುರಿದ ಸೇತುವೆಯ ಹತ್ತಿರ ಯಾರೂ ದೋಣಿ ಒಯ್ಯಬಾರದು.

ಹೀಗಾಗಿ ಹೆಚ್ಚಿನವರು ಹೊಳೆಯ ಕೆಳಭಾಗದಲ್ಲೇ ಗಾಳ ಹಾಕಿ ಕೂತರು. ನಾವು ನಾಲ್ಕೈದು ದೋಣಿಯವರು ಅಳಿವೆ ದಾಟಿದೆವು. ಹುಣ್ಣಿಮೆ ಕಳೆದು ಎರಡು ಮೂರು ದಿನ ಆಗಿತ್ತು. ಬೆಳಿಗ್ಗೆ ಹೊರಟಾಗ ನೀರು ಪೂರ್ತಿ ಇಳಿದು ನಿಂತಿತ್ತು. ಕಡಲು ತಣ್ಣಗಿತ್ತು. ತೆಂಕಣ ದಿಕ್ಕಿನಲ್ಲಿ ಮೋಡ ಕಟ್ಟಿತ್ತು, ಅಷ್ಟೆ. ಲೈಫ್ ಜಾಕೆಟ್ ಹಾಕಿಕೊಳ್ಳಲು ಭಾವ ಮನೆಯಿಂದಲೇ ಹೇಳಿ ಕರೆತಂದಿದ್ದ. ಆ ವಿಷಯದಲ್ಲಿ ಅವನ ಹತ್ತಿರ ತಮಾಷೆ ನಡೆಯುವುದಿಲ್ಲ.

ಕೂರ್ಮಗಡ ದ್ವೀಪಕ್ಕೂ ದೇವಬಾಗದ ದಂಡೆಗೂ ನಡುವೆ ಲಂಗರು ಹಾಕಿ ಜೀವಂತ ಶೆಟ್ಲಿ ಚುಚ್ಚಿ ಬಿಟ್ಟೆವು. ಮೊದಲು ನೊಗ್ಲಿ ಬಂತು, ಕೆಲಸಕ್ಕೆ ಬಾರದ ಕೆಂಡಿ ಬಂತು. ಹನ್ನೊಂದು ದಾಟಿದ ಮೇಲೆ ನನ್ನ ರಾಡು ಒಮ್ಮೆಲೇ ಬಾಗಿ ರೀಲು ಕೂಗಿತು. ರಾವಸ್ ಎಳೆಯುವ ರೀತಿಯೇ ಬೇರೆ. ಚೋಣಕ್ ಹಾರಿ ತಲೆ ಕೊಡವುತ್ತದೆ. ರಾವಸ್ ತಲೆ ತಗ್ಗಿಸಿ ಓಡುತ್ತದೆ, ನಿಲ್ಲುತ್ತದೆ, ಸೋತಿತು ಎಂದುಕೊಂಡು ಸುತ್ತತೊಡಗಿದರೆ ಮತ್ತೆ ಓಡುತ್ತದೆ. ದೋಣಿಗೆ ಎಳೆದುಕೊಂಡಾಗ ಭಾವ ಕೈಯಲ್ಲೇ ತೂಗಿ ನಾಲ್ಕು ಕೆಜಿಗೆ ಮೇಲೆ ಎಂದ. ಐಸಿನ ಪೆಟ್ಟಿಗೆಯಲ್ಲಿ ಬಾಲ ಮಡಚಿ ಮಲಗಿಸಿದೆವು. ಬನ್ಸ್ ತಿಂದು ಚಹಾ ಕುಡಿದೆವು. ಅಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು.

ಒಂದು ಗಂಟೆಯ ಸುಮಾರಿಗೆ ದೇವಗಡದ ದೀಪಸ್ತಂಭ ಕಾಣಿಸದಾಯಿತು. ಅದರ ಜಾಗದಲ್ಲಿ ಬೂದು ಬಣ್ಣದ ಗೋಡೆ ಇತ್ತು. ಭಾವ ಅದನ್ನು ನೋಡಿದ್ದೇ ದಾರ ಸುತ್ತು ಎಂದ. ಲಂಗರು ಎತ್ತಿ ಎಂಜಿನ್ ಎಳೆಯುವಷ್ಟರಲ್ಲಿ ಗಾಳಿ ಬಂದು ಮುಟ್ಟಿತು. ನೈರುತ್ಯದ ಗಾಳಿ, ಮಳೆಯನ್ನು ಅಡ್ಡಡ್ಡ ಹೊಡೆಯುವ ಗಾಳಿ. ದೋಣಿಯ ಮೂತಿ ತಿರುಗಿಸಿ ಅಳಿವೆಯ ಕಡೆ ಸ್ವಲ್ಪ ದೂರ ಬಂದಿದ್ದೆವು, ಎಂಜಿನ್ನಿನ ಸದ್ದು ಬದಲಾಯಿತು. ಔಟ್‌ಬೋರ್ಡ್ ಎಂಜಿನ್ ತಣ್ಣಗಿರಲು ಕೆಳಗಿನಿಂದ ನೀರು ಹೀರಿ ಹಿಂದಿನ ತೂತಿನಿಂದ ಧಾರೆಯಾಗಿ ಉಗುಳುತ್ತದೆ. ಆ ಧಾರೆ ನಿಂತಿತ್ತು. ಭಾವ ಕೂಡಲೇ ಎಂಜಿನ್ ಬಂದ್ ಮಾಡಿದ. ಮಾಡದಿದ್ದರೆ ಅದು ಅಲ್ಲೇ ಸುಟ್ಟು ಕಚ್ಚಿಕೊಳ್ಳುತ್ತಿತ್ತು. ಮತ್ತೆ ಲಂಗರು ಬಿಟ್ಟು, ಅದು ಹಿಡಿದದ್ದು ಖಾತ್ರಿಯಾದ ಮೇಲೆ ಎಂಜಿನ್ನನ್ನು ಮೇಲಕ್ಕೆ ಬಾಗಿಸಿ, ಹೊಟ್ಟೆಯ ಮೇಲೆ ಮಲಗಿ ಕೈ ಹಾಕಿದ. ನೀರು ಹೀರುವ ಜಾಲರಿಗೆ ಪ್ಲಾಸ್ಟಿಕ್ ಹಾಳೆ ಮೆತ್ತಿಕೊಂಡಿತ್ತು. ಇಳಿಯುವ ಹೊಳೆ ಊರಿನ ಕಸವನ್ನೆಲ್ಲ ಕಡಲಿಗೆ ಹೊತ್ತು ತರುತ್ತದೆ, ಅದರದೇ ಒಂದು ಚೂರು. ಕಿತ್ತು ತೆಗೆದ. ಎಂಜಿನ್ ಹೊತ್ತಿತು, ಆದರೆ ಧಾರೆ ಮೊದಲಿನ ಹಾಗೆ ಬರಲಿಲ್ಲ. ಹನಿ ಹನಿಯಾಗಿ ಬಂತು. ಒಳಗಿನ ರಬ್ಬರಿನ ಚಕ್ರ ಹಾಳಾಗಿರಬೇಕು ಎಂದ. ಎರಡು ಮೂರು ನಿಮಿಷ ಓಡಿಸಬಹುದು, ಮತ್ತೆ ಆರಲು ಬಿಡಬೇಕು. ನಮ್ಮ ಹತ್ತಿರ ಉಳಿದದ್ದು ಅಷ್ಟೇ ಎಂಜಿನ್.

ಬೇರೆ ದೋಣಿಗಳು ಅಷ್ಟರಲ್ಲಿ ಒಳಗೆ ಹೋಗಿಬಿಟ್ಟಿದ್ದವು. ಮಳೆಯಲ್ಲಿ ಅವರಿಗೆ ನಾವು ಕಾಣಲಿಲ್ಲ, ನಮಗೆ ಅವರು ಕಾಣಲಿಲ್ಲ.

ಅಳಿವೆಯ ಬಗ್ಗೆ ಸ್ವಲ್ಪ ಹೇಳಬೇಕು. ಇಲ್ಲದಿದ್ದರೆ ದಡ ಕಣ್ಣೆದುರು ಇದ್ದೂ ನಾವು ಯಾಕೆ ಕೂತೆವು ಎಂಬುದು ಅರ್ಥವಾಗುವುದಿಲ್ಲ. ಕಾಳಿ ಜೋಯಿಡಾದ ಕಾಡಿನಿಂದ 184 ಕಿಲೋಮೀಟರ್ ಹರಿದು ಬಂದು ಸದಾಶಿವಗಡದ ಬುಡದಲ್ಲಿ ಕಡಲಿಗೆ ಸೇರುತ್ತದೆ. ಸೇರುವ ಬಾಯಿಗೆ ಅಡ್ಡಲಾಗಿ ನೀರಿನಡಿ ಮರಳಿನ ದಿಬ್ಬ ಇದೆ, ಮಳೆಗಾಲ ಕಳೆದಂತೆ ಅದು ಜಾಗ ಬದಲಿಸುತ್ತದೆ. ಭರ್ತಿಯ ಹೊತ್ತಿನಲ್ಲಿ ನೀರೂ ತೆರೆಯೂ ಒಂದೇ ಕಡೆ, ಒಳಕ್ಕೆ ಹೋಗುತ್ತವೆ. ತೆರೆಗಳು ಉದ್ದವಾಗಿ, ತಗ್ಗಾಗಿ ದಿಬ್ಬ ದಾಟುತ್ತವೆ. ಇಳಿತದಲ್ಲಿ ಹೊಳೆ ಹೊರಕ್ಕೆ ನುಗ್ಗುತ್ತದೆ, ತೆರೆ ಒಳಕ್ಕೆ ನುಗ್ಗುತ್ತದೆ. ಎದುರು ನೀರು ತೆರೆಯ ಕಾಲನ್ನು ಹಿಡಿದು ನಿಲ್ಲಿಸಿದಂತಾಗಿ ಅದು ಒತ್ತೊತ್ತಿಕೊಂಡು ಎತ್ತರವಾಗಿ, ದಿಬ್ಬದ ಮೇಲೆ ಮಗುಚಿ ಒಡೆಯುತ್ತದೆ. ಮೇಲೆ ಮಳೆಯಾಗಿ ಕದ್ರಾ ಅಣೆಕಟ್ಟಿನಿಂದಲೂ ನೀರು ಬಿಟ್ಟಿದ್ದರೆ ಇಳಿತದ ಸೆಳೆತಕ್ಕೆ ಇನ್ನಷ್ಟು ಬಲ. ಆ ದಿನ ಭರ್ತಿ ಮುಗಿದದ್ದು ಒಂದು ಗಂಟೆಯ ಆಸುಪಾಸಿನಲ್ಲಿ. ಸ್ಪರ್ಧೆ ಮುಗಿಯುವ ಎರಡು ಗಂಟೆಗೆ ನೀರು ಇಳಿಯಲು ಹಿಡಿದಾಗಿತ್ತು.

ಮಳೆ ಒಮ್ಮೆ ತೆಳುವಾದಾಗ ಅಳಿವೆ ಕಂಡಿತು. ಒಂದು ದಂಡೆಯಿಂದ ಇನ್ನೊಂದು ದಂಡೆಯವರೆಗೆ ಬಿಳಿ. ತೆರೆ ಏಳುವುದು, ತಲೆ ಬಾಗುವುದು, ಒಡೆಯುವುದು, ಅದರ ಹಿಂದೆಯೇ ಇನ್ನೊಂದು.

"ಹೋಗ್ವಾ ಭಾವ, ಎರಡು ನಿಮಿಷದ ದಾರಿ," ಎಂದೆ. ನಿಜವಾಗಿ ಎರಡು ನಿಮಿಷದ್ದಲ್ಲ, ಆದರೆ ಹಾಗೆ ಕಾಣುತ್ತಿತ್ತು.

"ಈಗ ಆಗುದಿಲ್ಲ," ಎಂದ. "ನೀರು ಹೊರಗೆ ಬರ್ತೇ ಅದೆ. ರಾತ್ರಿ ಭರ್ತಿ ಹಿಡಿಯೂವರೆಗೆ ಇಲ್ಲೇ."

"ರಾತ್ರಿಯಾ?"

"ಏಳು ಗಂಟೆ ಆಗ್ತದೆ. ಏಳೂವರೆ ಅನ್ನು."

ಬೈತಖೋಲಕ್ಕೆ ಹೋಗೋಣ ಎಂದೆ. ಅಲ್ಲಿ ಅಳಿವೆ ಇಲ್ಲ, ಗುಡ್ಡದ ಮರೆಯ ಬಂದರು. 2019ರ ಅಕ್ಟೋಬರಿನಲ್ಲಿ ಕ್ಯಾರ್ ಚಂಡಮಾರುತ ಬಂದಾಗ ಹೊರ ರಾಜ್ಯಗಳ ಬೋಟುಗಳೂ ಅಲ್ಲಿಗೇ ಓಡಿ ಬಂದು ಸಾಲುಗಟ್ಟಿ ನಿಂತಿದ್ದವು. ಭಾವ ಎಂಜಿನ್ನಿನ ಕಡೆ ಕೈ ತೋರಿಸಿದ. ಕೊಲ್ಲಿಯನ್ನು ಅಡ್ಡ ದಾಟಬೇಕು, ತೆರೆ ಪಕ್ಕೆಗೆ ಹೊಡೆಯುತ್ತದೆ, ನಡುವೆ ಎಂಜಿನ್ ಆರಿಸಿ ಕೂತರೆ ಗಾಳಿ ನಮ್ಮನ್ನು ದೇವಬಾಗದ ದಂಡೆಯ ಮೇಲೆ ಎಸೆಯುತ್ತದೆ. ಹುಟ್ಟು ಹಾಕಿ ಆ ಗಾಳಿಗೆ ಎದುರು ಹೋಗುವುದು ಆಗದ ಮಾತು. ಅವನು ಇದನ್ನೆಲ್ಲ ಸಿಟ್ಟಿಲ್ಲದೆ, ಅಂಗಡಿಗೆ ಬಂದ ಗಿರಾಕಿಗೆ ಬ್ರೇಕ್ ಶೂ ಯಾಕೆ ಬದಲಿಸಬೇಕು ಎಂದು ತಿಳಿಸುವ ಹಾಗೆ ಹೇಳಿದ. ನನಗೆ ಅವನ ಮೇಲೆ ಸಿಟ್ಟು ಬಂದಿತ್ತು. ದಡ ಕಾಣುತ್ತಿದ್ದುದೇ ಅದಕ್ಕೆ ಕಾರಣ. ಹೊಸ ಸೇತುವೆಯ ಮೇಲೆ ಬಸ್ಸು ಹೋಗುವುದು ಕಾಣುತ್ತಿತ್ತು. ಗೋವಾಕ್ಕೆ ಹೋಗುವವರು ಒಳಗೆ ಬೆಚ್ಚಗೆ ಕೂತಿದ್ದಾರೆ, ನಾವು ಅವರಿಗೆ ಒಂದು ಚುಕ್ಕೆಯಾಗಿಯೂ ಕಾಣುವುದಿಲ್ಲ. ದಡವೇ ಕಾಣದ ಕಡೆ ಇದ್ದಿದ್ದರೆ ಸುಮ್ಮನೆ ಕೂರುವುದು ಸುಲಭವಾಗುತ್ತಿತ್ತೇನೋ.

ಕೂರುವುದು ಎಂದರೆ ಕೆಲಸವಿಲ್ಲದೆ ಕೂರುವುದಲ್ಲ. ಲಂಗರಿನ ಹಗ್ಗವನ್ನು ಇದ್ದಷ್ಟೂ ಬಿಟ್ಟ. ಅಲ್ಲಿ ನೀರು ಮೂರು ನಾಲ್ಕು ಮಾರು, ಆದರೆ ಹಗ್ಗ ಉದ್ದವಿದ್ದಷ್ಟೂ ಲಂಗರು ಮರಳನ್ನು ಚೆನ್ನಾಗಿ ಕಚ್ಚುತ್ತದೆ. ಹಗ್ಗ ದೋಣಿಯ ಅಂಚಿಗೆ ಉಜ್ಜಿ ಸವೆಯದಂತೆ ತನ್ನ ಲುಂಗಿ ಹರಿದು ಸುತ್ತಿದ. ಆಗಾಗ ಮೂತಿಗೆ ಹೋಗಿ ಹಗ್ಗದ ಮೇಲೆ ಕೈಯಿಟ್ಟು ನೋಡುತ್ತಿದ್ದ. ಲಂಗರು ಜಾರುತ್ತಿದ್ದರೆ ಹಗ್ಗ ನಡುಗುತ್ತದಂತೆ. ನನ್ನ ಪಾಲಿಗೆ ಎಣ್ಣೆಯ ಕ್ಯಾನನ್ನು ಕತ್ತರಿಸಿದ ಬೋಗುಣಿ. ತೆರೆ ತಲೆಯ ಮೇಲಿಂದ ಚೆಲ್ಲಿದ ನೀರು, ಮಳೆಯ ನೀರು, ಎರಡನ್ನೂ ಮೊಗೆದು ಮೊಗೆದು ಹೊರಹಾಕುವುದು. ಕೂರ್ಮಗಡದ ಮರೆ ಇತ್ತು ನಿಜ, ಆದರೆ ತೆರೆಗಳು ದ್ವೀಪದ ಎರಡೂ ಕಡೆಯಿಂದ ಸುತ್ತಿ ಬಂದು ನಮ್ಮ ಹತ್ತಿರವೇ ಎದುರುಬದುರಾಗುತ್ತಿದ್ದವು. ದೋಣಿ ಮುಂದೆ ಹಿಂದೆ ಆಡುವುದಲ್ಲದೆ ಪಕ್ಕಕ್ಕೂ ಹೊರಳುತ್ತಿತ್ತು. ನಾನು ಬೆಳಗಿನ ಬನ್ಸನ್ನೂ ಚಹಾವನ್ನೂ ಕಡಲಿಗೆ ಕೊಟ್ಟೆ. ಆಮೇಲೆ ಕೊಡಲು ಏನೂ ಇಲ್ಲದಿದ್ದರೂ ಹೊಟ್ಟೆ ಹಿಂಡುವುದು ನಿಲ್ಲಲಿಲ್ಲ.

ನನ್ನ ಫೋನು ನೀರು ಕುಡಿದು ಸತ್ತಿತ್ತು. ಭಾವನದು ಪ್ಲಾಸ್ಟಿಕ್ ಕವರಿನಲ್ಲಿತ್ತು. ದಡ ಹತ್ತಿರವಿದ್ದುದರಿಂದ ಸಿಗ್ನಲ್ ಬಂದು ಹೋಗಿ ಮಾಡುತ್ತಿತ್ತು. ಅವನು ಮೊದಲು ಕರೆ ಮಾಡಿದ್ದು ತನ್ನ ಮಾಮನಿಗೆ, ಕಡಲಲ್ಲೇ ಕೂದಲು ಬೆಳ್ಳಗಾದವರು. ಕೊಂಕಣಿಯಲ್ಲಿ ನಾಲ್ಕೇ ಮಾತು. ಎಲ್ಲಿದ್ದೇವೆ, ಲಂಗರು ಹಿಡಿದಿದೆ, ಎಂಜಿನ್ ಅರ್ಧ ಸತ್ತಿದೆ, ಭರ್ತಿಗೆ ಕಾಯುತ್ತೇವೆ. ಆ ಕಡೆಯಿಂದ ಮಾಮ ಕೂಗಿದ್ದು ನನಗೂ ಕೇಳಿತು. ಈಗ ಬರಬೇಡಿ, ಏನೇ ಆದರೂ ಬರಬೇಡಿ. ಕರಾವಳಿ ಕಾವಲು ಪೊಲೀಸರ 1093ಕ್ಕೂ ತಟ ರಕ್ಷಣಾ ಪಡೆಯ 1554ಕ್ಕೂ ಹೇಳಲೇ ಎಂದು ಕೇಳಿದರು. ಲಂಗರು ಹಿಡಿದಿರುವವರೆಗೆ ಬೇಡ, ಜಾರಿದರೆ ನಾನೇ ಹೇಳುತ್ತೇನೆ ಎಂದ ಭಾವ. ಮಾಮ ಕೇಳಲಿಲ್ಲ, ಆಗಲೇ ತಿಳಿಸಿ ಇಟ್ಟಿದ್ದರಂತೆ. ಅದು ನಮಗೆ ಗೊತ್ತಾದದ್ದು ಮರುದಿನ. ನನ್ನ ಮನೆಗೆ ಮಾತ್ರ ಏನೂ ಹೇಳಬೇಡಿ ಎಂದು ನಾನು ಪಕ್ಕದಿಂದ ಕೂಗಿದೆ.

ಎರಡು ಗಂಟೆ ಕಳೆಯಿತು. ಸ್ಪರ್ಧೆಯ ಹುಡುಗನೊಬ್ಬ ಕರೆ ಮಾಡಿ, ಏನು ಮಾತಾಡಬೇಕೋ ತಿಳಿಯದೆ, ಮೀನು ಸಿಕ್ಕಿದೆಯಾ ಎಂದು ಕೇಳಿದ. ಭಾವ ನಕ್ಕ. ಫೋನಿಟ್ಟು ಐಸಿನ ಪೆಟ್ಟಿಗೆ ತೆರೆದು ರಾವಸನ್ನು ಹೊರತೆಗೆದ.

"ಇನ್ನು ಇದನ್ನ ಯಾರೂ ತೂಗುದಿಲ್ಲ," ಎಂದು ಚೂರಿ ಹಾಕಿ ಹೊಟ್ಟೆ ಸೀಳಿದ.

ದೋಣಿ ಹೊರಳುತ್ತಿರುವಾಗ, ಮಳೆಯಲ್ಲಿ, ಮೊಣಕಾಲ ನಡುವೆ ಮೀನನ್ನು ಒತ್ತಿಹಿಡಿದು ಅವನು ಕಿವಿರು ತೆಗೆದ, ಕರುಳು ತೆಗೆದ, ಕಡಲ ನೀರಲ್ಲೇ ತೊಳೆದ. ಒಳಗೆ ಎಳೆಯ ಮೊಟ್ಟೆಯ ಚೀಲ ಎರಡಿದ್ದವು. ನೋಡು ನಿನ್ನ ತಾಯಿ ಮೀನು ಎಂದ. ನಾನು ಗುಂಪಿನಲ್ಲಿ ಬರೆದಿದ್ದನ್ನು ಅವನು ಓದಿದ್ದ ಎಂದು ಆಗ ಗೊತ್ತಾಯಿತು. ಕೈಗೆ ಕೆಲಸ ಬೇಕಿತ್ತು ಅವನಿಗೆ. ಅಷ್ಟು ಹೊತ್ತು ಅವನ ಮುಖದಲ್ಲಿ ಹೆದರಿಕೆ ಹುಡುಕುತ್ತಿದ್ದ ನನಗೆ ಅದು ಕಂಡದ್ದು ಮುಖದಲ್ಲಲ್ಲ, ಒಮ್ಮೆ ತೊಳೆದ ಮೀನನ್ನು ಮತ್ತೆ ಮತ್ತೆ ತೊಳೆಯುತ್ತಿದ್ದ ಆ ಕೈಯಲ್ಲಿ.

ನಾವಿಬ್ಬರೂ ಆಡದೆ ಬಿಟ್ಟ ಮಾತೊಂದಿತ್ತು. 2019ರ ಜನವರಿ 21ರಂದು ಇದೇ ನೀರಿನಲ್ಲಿ, ಕೂರ್ಮಗಡದ ನರಸಿಂಹ ದೇವರ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಮಗುಚಿ 16 ಜನ ಹೋದರು, ಮಕ್ಕಳೂ ಇದ್ದರು. ಭಾವನಿಗೆ ಅದು ಪತ್ರಿಕೆಯ ಸುದ್ದಿಯಲ್ಲ. ಆ ಸಂಜೆ ಅವನು ದಡದಲ್ಲಿದ್ದ, ಬಂದ ದೋಣಿಗಳಿಂದ ಇಳಿಸಿಕೊಳ್ಳುವವರಲ್ಲಿ ಒಬ್ಬನಾಗಿದ್ದ. ಲೈಫ್ ಜಾಕೆಟ್ಟಿನ ಪಟ್ಟಿಯನ್ನು ಅವನು ನನ್ನ ಎದೆಗೆ ಎಳೆದು ಬಿಗಿಯುವಾಗಲೆಲ್ಲ ನನಗೆ ಅದು ನೆನಪಾಗುತ್ತದೆ. ಆ ದಿನ ಅವನು ಅದನ್ನು ನಡುನಡುವೆ ಬಂದು ಮತ್ತೆ ಮತ್ತೆ ಬಿಗಿದ.

ಐದರ ಹೊತ್ತಿಗೆ ಚಳಿ ಹಿಡಿಯಿತು. ಅಕ್ಟೋಬರಿನ ಕರಾವಳಿಯಲ್ಲಿ ಚಳಿಯೇ ಎಂದು ಕೇಳಬಹುದು. ನೆನೆದ ಬಟ್ಟೆಯಲ್ಲಿ ಗಾಳಿಗೆ ಗಂಟೆಗಟ್ಟಲೆ ಕೂತವನಿಗೆ ಗೊತ್ತು. ಹಲ್ಲು ತಡೆಯಿಲ್ಲದೆ ಬಡಿಯುತ್ತಿದ್ದವು. ಬೆರಳು ಬೋಗುಣಿಯ ಅಂಚನ್ನು ಹಿಡಿದದ್ದು ಬಿಡಿಸಿಕೊಳ್ಳುತ್ತಿರಲಿಲ್ಲ. ಭಾವ ಐಸಿನ ಪೆಟ್ಟಿಗೆಯ ಮೇಲೆ ಮುಚ್ಚಿದ್ದ ತಾಡಪತ್ರಿ ತೆಗೆದು ಇಬ್ಬರ ಬೆನ್ನಿಗೂ ಸುತ್ತಿದ. ಸರದಿಯಲ್ಲಿ ನೀರು ಎತ್ತಿದೆವು. ಮಾತು ನಿಂತಿತ್ತು. ಅವನು ನಿದ್ದೆ ಹೋಗಬೇಡ ಎಂದು ಕಾಲಿನಿಂದ ನನ್ನನ್ನು ನೂಕುತ್ತಿದ್ದ. ಒಮ್ಮೆ ಹಗ್ಗ ನಡುಗಿತು. ಇಬ್ಬರೂ ಮೂತಿಗೆ ಹಾರಿದೆವು. ಲಂಗರು ಸ್ವಲ್ಪ ದೂರ ಜಾರಿ ಮತ್ತೆ ಕಚ್ಚಿತು. ಎಷ್ಟು ಜಾರಿದೆವು ಎಂದು ತಿಳಿಯಲು ಭಾವ ಕೂರ್ಮಗಡದ ತುದಿಯನ್ನೂ ಸದಾಶಿವಗಡದ ಗುಡ್ಡವನ್ನೂ ನೋಡಿ ಲೆಕ್ಕ ಹಾಕಿದ. ಇನ್ನು ಒಮ್ಮೆ ಹೀಗಾದರೆ 1093 ಎಂದ. ಆಗಲಿಲ್ಲ.

ಕತ್ತಲಾದ ಮೇಲೆ ಮಳೆ ನಿಂತು ದೇವಗಡದ ದೀಪ ಮತ್ತೆ ಕಂಡಿತು. ಗಾಳಿ ಕುಗ್ಗಿತ್ತು, ತೆರೆ ಕುಗ್ಗಿರಲಿಲ್ಲ. ಏಳು ಗಂಟೆ ಆದಾಗ ನಾನು ಎದ್ದು ಕೂತೆ. ಭಾವ ಅಲುಗಲಿಲ್ಲ. ನೀರು ಇಳಿದು ನಿಂತ ಹೊತ್ತಿನಲ್ಲಿ ದಿಬ್ಬದ ಮೇಲೆ ಆಳ ಎಲ್ಲಕ್ಕಿಂತ ಕಡಿಮೆ, ತೆರೆ ಆಗಲೂ ಒಡೆಯುತ್ತದೆ, ಭರ್ತಿ ಚೆನ್ನಾಗಿ ಹಿಡಿಯಬೇಕು ಎಂದ. ಇನ್ನೂ ಕಾಯಬೇಕು. ಇಡೀ ದಿನದಲ್ಲಿ ನನಗೆ ಅತ್ಯಂತ ಕಷ್ಟವಾದದ್ದು ಈ ಕೊನೆಯ ಕಾಯುವಿಕೆ. ಸಮಯ ಆಯಿತು ಎಂದು ಮನಸ್ಸು ಒಮ್ಮೆ ಎದ್ದುಬಿಟ್ಟ ಮೇಲೆ ಅದನ್ನು ಮತ್ತೆ ಕೂರಿಸುವುದು ಆಗುವುದಿಲ್ಲ. ನಾನು ಅವನನ್ನು ಬೈದೆ. ಏನೆಂದು ಬೈದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅವನು ಕೇಳಿಸಿಕೊಂಡು, ನೀರಿಗೆ ಮೀನಿನ ಕಿವಿರಿನ ಚೂರೊಂದನ್ನು ಎಸೆದು, ಮೊಬೈಲಿನ ಬೆಳಕಿನಲ್ಲಿ ಅದು ಯಾವ ಕಡೆ ತೇಲಿಹೋಗುತ್ತದೆ ಎಂದು ನೋಡಿದ. ಅಲ್ಲೇ ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಎಸೆದ. ಅದು ಒಳಕ್ಕೆ, ಹೊಳೆಯ ಕಡೆ ಸರಿಯಿತು.

ಅಷ್ಟರಲ್ಲಿ ಮಾಮನ ಕರೆ. ದಡದಲ್ಲಿ ಸ್ಪರ್ಧೆಯ ಹುಡುಗರೆಲ್ಲ ಸೇರಿದ್ದರು. ಅಳಿವೆಯ ಆಳದ ದಾರಿ ಎಲ್ಲಿದೆ ಎಂದು ಗೊತ್ತಿದ್ದ ಮಾಮ ಎರಡು ಮೋಟಾರ್‌ಸೈಕಲ್ ತರಿಸಿ, ಒಂದನ್ನು ನೀರಿನಂಚಿನ ಮರಳಲ್ಲಿ, ಇನ್ನೊಂದನ್ನು ಅದರ ಹಿಂದೆ ಎತ್ತರದ ದಿಣ್ಣೆಯ ಮೇಲೆ, ಎರಡರ ದೀಪವೂ ಕಡಲ ಕಡೆ ಮುಖ ಮಾಡುವಂತೆ ನಿಲ್ಲಿಸಿದ್ದರು. ಎರಡು ದೀಪ ಒಂದರ ಮೇಲೊಂದು ಕಂಡರೆ ನೀವು ದಾರಿಯಲ್ಲಿದ್ದೀರಿ. ಕೆಳಗಿನದು ಎಡಕ್ಕೆ ಸರಿದರೆ ನೀವೂ ಎಡಕ್ಕೆ, ಬಲಕ್ಕೆ ಸರಿದರೆ ಬಲಕ್ಕೆ. ಹಗಲಲ್ಲಿ ತೆಂಗಿನ ಮರವನ್ನೂ ಗುಡ್ಡದ ಕೋಡನ್ನೂ ಒಂದು ಗೆರೆಗೆ ತಂದು ದಾರಿ ಹಿಡಿಯುವುದು ಅವರಿಗೆ ತಲೆಮಾರಿನ ಅಭ್ಯಾಸ. ರಾತ್ರಿಗೆ ಹೀಗೆ ಮಾಡಿಕೊಂಡಿದ್ದರು.

ಲಂಗರು ಎತ್ತಲು ನನ್ನ ತೋಳಿನಲ್ಲಿ ಶಕ್ತಿ ಇರಲಿಲ್ಲ. ಇಬ್ಬರೂ ಸೇರಿ ಎಳೆದೆವು. ಎಂಜಿನ್ ಮುಟ್ಟದೆ ಹುಟ್ಟು ಹಾಕುತ್ತ, ಭರ್ತಿ ಒಯ್ದಂತೆ ಹೋದೆವು. ಒಡೆಯುವ ಸದ್ದು ಹತ್ತಿರ ಬಂತು, ಎರಡೂ ಬದಿಯಲ್ಲಿ ಕತ್ತಲಲ್ಲಿ ಬಿಳಿ ನೊರೆ. ದೀಪಗಳು ಒಂದರ ಮೇಲೊಂದು ನಿಂತಾಗ ಭಾವ ಎಂಜಿನ್ ಎಳೆದ. ಹೊತ್ತಿತು. ಒಂದು ತೆರೆಯ ಬೆನ್ನ ಮೇಲೆ ಕೂತು ಅದರ ವೇಗದಲ್ಲೇ ಹೋಗಬೇಕು, ಅದನ್ನು ಹಿಂದೆ ಹಾಕಬಾರದು, ಹಿಂದಿನದು ನಮ್ಮನ್ನು ಹಿಡಿಯಬಾರದು. ಹಿಂದಿನದು ಹಿಡಿಯಿತು. ಬೆನ್ನಿಗೆ ತಣ್ಣನೆಯ ಗೋಡೆ ಬಿದ್ದ ಹಾಗಾಗಿ ದೋಣಿ ಮೊಳಕಾಲವರೆಗೆ ತುಂಬಿತು, ಮೂತಿ ಪಕ್ಕಕ್ಕೆ ತಿರುಗತೊಡಗಿತು. ಭಾವ ಎಂಜಿನ್ನಿನ ಹಿಡಿಯನ್ನು ಎದೆಯಿಂದ ಒತ್ತಿ ನೆಟ್ಟಗೆ ಮಾಡಿದ. ನಾನು ಬೋಗುಣಿ ಬಿಟ್ಟು ಐಸಿನ ಪೆಟ್ಟಿಗೆಯ ಮುಚ್ಚಳದಲ್ಲೇ ನೀರು ಚೆಲ್ಲಿದೆ. ಮುಂದಿನ ತೆರೆ ಬರುವಷ್ಟರಲ್ಲಿ ನಾವು ದಿಬ್ಬದಿಂದ ಒಳಗಿದ್ದೆವು. ನೀರು ಒಮ್ಮೆಲೇ ಸಪಾಟಾಯಿತು.

ಮುಗಿಯಿತು ಎಂದುಕೊಂಡಾಗಲೇ ಎಂಜಿನ್ ಕೀರಲು ಸದ್ದು ಮಾಡಿ ನಿಂತಿತು, ಈ ಸಲ ಪೂರ್ತಿಯಾಗಿ. ಭರ್ತಿ ಮಾತ್ರ ನಿಂತಿರಲಿಲ್ಲ. ಅಷ್ಟು ಹೊತ್ತು ನಾವು ಕಾದು ಕೂತ ಅದೇ ನೀರು ಈಗ ನಮ್ಮನ್ನು ಒಳಕ್ಕೆ, ಮುರಿದ ಸೇತುವೆಯ ಕಡೆಗೆ ಒಯ್ಯುತ್ತಿತ್ತು. ಕತ್ತಲಲ್ಲಿ ಆ ಕಾಂಕ್ರೀಟಿನ ಚಪ್ಪಡಿಗಳ ಸುತ್ತ ನೀರು ಕೊರೆಯುವ ಸದ್ದು ಕೇಳಿತು. ಹುಟ್ಟು ಹಾಕಿದರೂ ದೋಣಿ ತುಂಬಿದ್ದರಿಂದ ಅಡ್ಡಕ್ಕೆ ಸರಿಯಲೇ ಇಲ್ಲ. ಭಾವ ಮೊದಲ ಬಾರಿ ಗಟ್ಟಿಯಾಗಿ ಕೂಗಿದ್ದು ಆಗ. ಮಾಮನ ದೋಣಿ ಜೆಟ್ಟಿ ಬಿಟ್ಟು ಆಗಲೇ ಬರುತ್ತಿತ್ತು. ಹಗ್ಗ ಎಸೆದರು, ನನ್ನ ಮುಖಕ್ಕೆ ಬಡಿಯಿತು, ನಾನು ಅದನ್ನು ಹಲ್ಲಿನಿಂದಲೂ ಕೈಯಿಂದಲೂ ಹಿಡಿದೆ.

ಜೆಟ್ಟಿಯ ಮೇಲೆ ಯಾರೂ ಅಪ್ಪಿಕೊಳ್ಳಲಿಲ್ಲ. ಮಾಮ ಇಬ್ಬರಿಗೂ ಬೈದರು, ಅವರ ಹೆಂಡತಿ ಒಣ ಪಂಚೆ ತಂದು ಕೊಟ್ಟು ಅವರೂ ಬೈದರು. ಬಿಸಿ ಗಂಜಿ ಕುಡಿದ ಮೇಲೂ ನನ್ನ ನಡುಕ ಬಹಳ ಹೊತ್ತು ನಿಲ್ಲಲಿಲ್ಲ. ನೆಲದ ಮೇಲೆ ಮಲಗಿದರೆ ನೆಲ ಹೊರಳುತ್ತಿತ್ತು. ಅಂಗೈಯ ಚರ್ಮ ಸುಲಿದು ಹೋಗಿದ್ದು ಬೆಳಿಗ್ಗೆ ಕಂಡಿತು. ರಾವಸನ್ನು ಅವರ ಮನೆಯಲ್ಲೇ ಸಾರು ಮಾಡಿದರು. ನನಗೆ ಬಾಯಿಗಿಡಲಾಗಲಿಲ್ಲ, ಭಾವ ನನ್ನ ಪಾಲನ್ನೂ ತಿಂದ. ಅಂಕೋಲೆಯ ಮನೆಗೆ ಸುದ್ದಿ ನನಗಿಂತ ಮೊದಲೇ ತಲುಪಿತ್ತು. ಅಲ್ಲಿ ಆದ ಮಾತುಕತೆ ಬೇರೆಯೇ ಕಥೆ.

ಮೊದಲ ಬಹುಮಾನ ಹೊಳೆಯೊಳಗೇ ಕೂತಿದ್ದ ಒಬ್ಬನಿಗೆ ಹೋಗಿತ್ತು, ಎರಡೂವರೆ ಕೆಜಿಯ ರಾವಸ್‌ಗೆ. ವಾರದ ನಂತರ ಹುಡುಗರು ಸಭೆ ಸೇರಿ, ಮುಂದೆ ಯಾರೂ ಅಳಿವೆ ದಾಟಬಾರದು, ಲೈಫ್ ಜಾಕೆಟ್ ಇಲ್ಲದವರಿಗೆ ಪ್ರವೇಶವಿಲ್ಲ ಎಂದು ನಿಯಮ ಬರೆದರು. ಎರಡನೆಯದಕ್ಕೆ ಭಾವ ಕೈಯೆತ್ತಿದ. ಮೊದಲನೆಯದಕ್ಕೆ ಒಪ್ಪಲಿಲ್ಲ. ಅಳಿವೆ ದಾಟದೆ ದೊಡ್ಡ ರಾವಸ್ ಹಿಡಿಯಿರಿ ಎನ್ನುವುದು ಅವನಿಗೆ ಹಾಸ್ಯವಾಗಿ ಕಂಡಿತು. ತಪ್ಪಿರುವುದು ಜಾಗದಲ್ಲಲ್ಲ, ಗಡಿಯಾರದಲ್ಲಿ ಎಂದು ವಾದ ಹಿಡಿದ. ಮಧ್ಯಾಹ್ನ ಎರಡು ಎಂದು ಇಟ್ಟವರು ಯಾರು? ಊಟದ ಹೊತ್ತು ನೋಡಿ ಇಟ್ಟದ್ದು, ನೀರು ನೋಡಿ ಇಟ್ಟದ್ದಲ್ಲ. ಆ ದಿನದ ಭರ್ತಿ ತುಂಬುವ ಮುಂಚೆ ಎಲ್ಲ ದೋಣಿಯೂ ಒಳಗಿರಬೇಕು, ಮುಗಿಯುವ ಹೊತ್ತನ್ನು ಭರ್ತಿ ಇಳಿತದ ಪಟ್ಟಿ ನೋಡಿಯೇ ಬರೆಯಬೇಕು ಎಂದ. ಗಲಾಟೆ ಆಯಿತು. ಕೊನೆಗೆ ಮಾಮನನ್ನು ಕರೆಸಿ ಕೇಳಿದರು. ಅವರು ಇಷ್ಟು ದಿನ ನೀವು ಹಾಗೆ ಮಾಡುತ್ತಿರಲಿಲ್ಲವೇ ಎಂದು ಆಶ್ಚರ್ಯಪಟ್ಟರು.

ಮುಂದಿನ ಸ್ಪರ್ಧೆಯ ಸಂದೇಶ ಗುಂಪಿನಲ್ಲಿ ಬಂದಾಗ ಸಮಯದ ಎದುರು ಬೆಳಿಗ್ಗೆ 5:50ರಿಂದ 11:40 ಎಂದಿತ್ತು. ಇದೆಂಥ ಮುಹೂರ್ತ, ಭಟ್ಟರು ಇಟ್ಟದ್ದಾ ಎಂದು ಒಬ್ಬ ಕೇಳಿದ್ದ. ಭಾವ ಉತ್ತರವಾಗಿ ಭರ್ತಿಯ ಪಟ್ಟಿಯ ಫೋಟೋ ಹಾಕಿದ. ಅದರ ಕೆಳಗೆ ನಮ್ಮಿಬ್ಬರ ಹೆಸರನ್ನೂ ಬರೆದ, ನನ್ನನ್ನು ಕೇಳದೆ.